ಮೊಮ್ಮಗಳು ಗಣಿಗೆ ಇಳಿಯುವ ಊರಿನಲ್ಲಿ

ಬಂಗಾರಪೇಟೆ

ಭಯಪಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮನೆಯಲ್ಲೇ ಅದು ಬೇಕಾದಷ್ಟಿತ್ತು. ಆದರೂ ವಿಮಾನ ಹತ್ತಿ, ಸಮುದ್ರ ದಾಟಿ, ಆಸ್ಟ್ರೇಲಿಯಾಕ್ಕೆ ಹೋಗಿ ಭಯಪಟ್ಟು ಬಂದೆ. ಅದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಂಡದ್ದನ್ನು ಬರೆಯಲು ಅಷ್ಟು ಸಾಕು.

ನನ್ನ ಮೊಮ್ಮಗಳು ಶಶಿ ಅಲ್ಲಿನ ಒಂದು ಚಿನ್ನದ ಗಣಿಯಲ್ಲಿ ಎಂಜಿನಿಯರು. ಕುರ್ಚಿಯಲ್ಲಿ ಕೂರುವ ಎಂಜಿನಿಯರಲ್ಲ. ನೆಲದೊಳಕ್ಕೆ ಇಳಿದು, ಬಂಡೆಗೆ ಯಂತ್ರ ಕೂರಿಸಿ, ಅದು ಯಾವಾಗ ಸಿಡಿದೀತು ಎಂದು ಕಿವಿಗೊಡುವ ಕೆಲಸ. ಅವಳ ಪಾಳಿಯಲ್ಲಿ ಕೆಳಗಿಳಿಯುವವರೆಲ್ಲ ಗಂಡಸರು. ಇವಳೊಬ್ಬಳು ಹೆಣ್ಣು. ಊರಿನ ಹೆಸರು ಬರೆಯಬೇಡ ಅಂದಿದ್ದಾಳೆ. ಬರೆಯುವುದಿಲ್ಲ.

ಬಂಡೆ ಸಿಡಿಯುವುದು ಅಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಮದುವೆಯಾಗಿ ಹೋದದ್ದು ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಲೈನ್ ಮನೆಗೆ, ಅಂದರೆ ಕೂಲಿಗಳ ಸಾಲುಮನೆಗೆ. ಗಂಡ ಗಣಿಗೆ ಇಳಿಯುತ್ತಿದ್ದ, ಮೈದ ಮುನಿರಾಜನೂ ಇಳಿಯುತ್ತಿದ್ದ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಆಗ ಲೈನಿನ ಹೆಂಗಸರೆಲ್ಲ ಒಲೆ ಆರಿಸಿ, ಕಂಕುಳಿಗೆ ಮಗು ಏರಿಸಿಕೊಂಡು ಶಾಫ್ಟಿನ ಬಾಯಿಗೆ ಓಡುವುದು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಜನರನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂದಾಗ ಅದರಿಂದ ಯಾರು ಇಳಿಯುತ್ತಾರೆ ಎಂದು ನೋಡುವುದು. ಒಂದು ಸಲ ನನ್ನ ಗಂಡ ಇಳಿದ, ಮುನಿರಾಜ ಇಳಿಯಲಿಲ್ಲ. ಗಂಡ ಆಮೇಲೂ ಗಣಿ ಮುಚ್ಚುವವರೆಗೆ ಹೋಗಿ ಬಂದ. ಗಣಿ ಮುಚ್ಚಿದ ಮೇಲೆ ನಾವು ಬಂಗಾರಪೇಟೆ ಮಗ್ಗುಲಿನ ಹಳ್ಳಿಗೆ ಬಂದು ಹಸು ಕಟ್ಟಿದೆವು. ಅವನು ಕೆಮ್ಮಿ ಕೆಮ್ಮಿ ಹೋದ.

ಲೈನಿನಲ್ಲಿ ಒಂದು ಪದ್ಧತಿ ಇತ್ತು. ಇಳಿಯುವವನು ಹೊರಡುವಾಗ ಕಾಫಿ ಕುಡಿದ ಲೋಟವನ್ನು ಅವನು ತಿರುಗಿ ಬರುವವರೆಗೆ ತೊಳೆಯಬಾರದು. ತೊಳೆದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಯಾರೂ ತೊಳೆದು ನೋಡಲೂ ಇಲ್ಲ. ಮುನಿರಾಜನ ಲೋಟ ಎಷ್ಟೋ ಕಾಲ ಗೂಡಿನಲ್ಲೇ ಇತ್ತು.

ಇಂಥ ಮನೆಯ ಹುಡುಗಿ ಗಣಿ ಓದಿಗೆ ಸೇರಿದಳು. ಕ್ಲಾಸಿಗೆ ಒಬ್ಬಳೇ ಹುಡುಗಿ. ಗಣಿ ತೋರಿಸುವುದಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದಾಗ ಹುಡುಗರೆಲ್ಲ ಕೆಳಗಿಳಿದರಂತೆ. ಇವಳನ್ನು ಬೇಡ ಅಂದರಂತೆ. ಹುಡುಗರ ಬ್ಯಾಗುಗಳನ್ನು ಕಾಯುತ್ತಾ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದಳಂತೆ. ಅವತ್ತು ಮನೆಗೆ ಬಂದು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳದೆ ಇದ್ದದ್ದು ನೋಡಿಯೇ ಇವಳು ಎಲ್ಲಾದರೂ ಹೋಗಿ ಇಳಿದೇ ಇಳಿಯುತ್ತಾಳೆ ಅಂದುಕೊಂಡೆ.

ಇಳಿದಳು. ಅದೂ ಇನ್ನೂ ಖಾಯಂ ಅಲ್ಲ, ಪರೀಕ್ಷೆಯ ಕಾಲ. ಕೆಲವು ತಿಂಗಳು ನೋಡಿ, ಆಮೇಲೆ ಕೆಳಗೆ ಉಳಿಸಿಕೊಳ್ಳುವುದೋ ಬೇಡವೋ ಎಂದು ಹೇಳುತ್ತಾರಂತೆ. ಅಜ್ಜಿ ಒಂದು ಸಲ ಬಂದು ಹೋಗು ಎಂದು ಅವಳೇ ಟಿಕೆಟ್ ಮಾಡಿಸಿದಳು. ನನ್ನ ಮಗಳು ರತ್ನ, ಅಂದರೆ ಶಶಿಯ ತಾಯಿ, ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ರಜ ಇಲ್ಲ. ಜಂಕ್ಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುವಾಗ ನನ್ನ ಸೆರಗು ಹಿಡಿದುಕೊಂಡಳು.

"ಅವ್ವಾ, ನೀ ಓಗಿ ಅವಳ್ನ ಮೇಲಕ್ಕೆತ್ಕೊಂಡು ಬಾ. ಕೆಲ್ಸ ಬಿಡು ಅನ್ಬೇಡ. ಆಫೀಸ್ನಾಗೆ ಕುತ್ಕೊ ಅನ್ನು."

"ಕುತ್ಕೊತಾಳಾ?"

"ನೀ ಅತ್ರೆ ಕುತ್ಕೊತಾಳೆ."

"ನಂಗೆ ಅಳಾಕೆ ಬರಲ್ಲ ಕಣೇ."

"ಕಲ್ತ್ಕೊ," ಅಂದಳು ರತ್ನ.

ಆಕಾಶದಲ್ಲಿ

ವಿಮಾನದಲ್ಲಿ ನನ್ನ ಪಕ್ಕ ಕುಪ್ಪಂ ಕಡೆಯ ಒಬ್ಬ ರೆಡ್ಡಿ ಕೂತಿದ್ದ. ನಾನು ತೆಲುಗು ಮಾತಾಡಿದ್ದಕ್ಕೆ ಖುಷಿಯಾಗಿ ಬೆಲ್ಟು ಹಾಕಿಕೊಟ್ಟ. ಬೆಲ್ಟು ಹೊಟ್ಟೆಗೆ ಬಿಗಿಯಾಗಿ ನಾನು ಊಟ ಮಾಡುವವರೆಗೂ ಅದನ್ನು ಬಿಚ್ಚುವುದು ಹೇಗೆಂದು ಗೊತ್ತಾಗಲಿಲ್ಲ. ಹೊರಡುವ ಮೊದಲು ಮೇಲಿನಿಂದ ಒಂದು ಹೆಣ್ಣು ಧ್ವನಿ ಏನೋ ಹೇಳಿತು. ಊಟದ ವಿಷಯ ಅಂದುಕೊಂಡೆ.

"ಪೈಲಟ್ಟು ಅಮ್ಮಾ ಅದು," ಅಂದ ರೆಡ್ಡಿ. "ಲೇಡಿ. ಇಂಕ ದೇವುಡೇ ದಿಕ್ಕು." ಇನ್ನು ದೇವರೇ ಗತಿ ಎಂದು ನಕ್ಕ.

ನಾನು ನಗಲಿಲ್ಲ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ವಿಮಾನ ಮೇಲೇಳುವಾಗ ಮುನೇಶ್ವರನನ್ನು ಕರೆದೆ. ಗಂಡಸು ಓಡಿಸುತ್ತಿದ್ದಾನೆ ಎಂದು ತಿಳಿದಿದ್ದಾಗ ಕೈ ಮಡಿಲಲ್ಲಿತ್ತು, ಹೆಂಗಸು ಎಂದು ಗೊತ್ತಾದ ಮೇಲೆ ಕುರ್ಚಿಗೆ ಹೋಯಿತು. ಇದು ನನಗೆ ಗೊತ್ತಾದದ್ದು ಅರ್ಧ ಸಮುದ್ರ ದಾಟಿದ ಮೇಲೆ. ಆಗ ಕೈ ತೆಗೆದೆ. ಮೋಡದಲ್ಲಿ ಎತ್ತಿ ಹಾಕಿದಾಗ ಮತ್ತೆ ಹಿಡಿದುಕೊಂಡೆ. ಇಳಿಯುವಾಗ ಆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಶಶಿಗಿಂತ ಸಣಕಲು. ಇವಳ ಕೈಯಲ್ಲಿ ನಮ್ಮ ಇಷ್ಟೂ ಜನರ ಜೀವ ಇತ್ತಲ್ಲ ಅಂದುಕೊಂಡೆ. ರೆಡ್ಡಿ ಅವಳಿಗೆ ಬಗ್ಗಿ ಥ್ಯಾಂಕ್ಯೂ ಅಂದ.

ನಾಯಿ ಮೂಸಿದ ತುಪ್ಪ

ಪರ್ತ್ ಎಂಬ ಊರಿನಲ್ಲಿ ಇಳಿದರೆ ಒಂದು ನಾಯಿ ಬಂದು ನನ್ನ ಚೀಲದ ಪಕ್ಕ ಕೂತಿತು. ಮನೆ ನಾಯಿಯ ಹಾಗೆ ಸುಮ್ಮನೆ ಕೂತಿತು. ಅದು ಕೂತರೆ ಚೀಲದಲ್ಲಿ ಏನೋ ಇದೆ ಎಂದು ಅರ್ಥವಂತೆ. ನೀಲಿ ಅಂಗಿ, ಬೂಟು ಹಾಕಿದ ದಪ್ಪ ಹೆಂಗಸೊಬ್ಬಳು ಚೀಲ ಬಿಚ್ಚಿಸಿದಳು. ರಾಗಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ ಬಿಟ್ಟಳು. ಮಾವಿನಮಿಡಿ ಉಪ್ಪಿನಕಾಯಿ ಮೂಸಿ ಕೆಮ್ಮಿದಳು, ಅದನ್ನೂ ಬಿಟ್ಟಳು. ನನ್ನ ಹಸುವಿನ ತುಪ್ಪ ಮಾತ್ರ ಕಸದ ಡಬ್ಬಿಗೆ ಹಾಕಿದಳು. ಅವರ ದೇಶದ ಹಸುಗಳಿಗೆ ನಮ್ಮ ಹಸುವಿನ ರೋಗ ತಗಲುತ್ತದಂತೆ.

"ನಮ್ಮ ಅಸೂಗೆ ಏನೂ ರೋಗ ಇಲ್ಲ ಕಣಮ್ಮ, ಡೈರಿ ಡಾಕ್ಟ್ರು ನೋಡವ್ರೆ," ಅಂದೆ. ಅವಳು ನಗುತ್ತಾ ತಲೆ ಆಡಿಸಿ ತುಪ್ಪದ ಇನ್ನೊಂದು ಡಬ್ಬಿಯನ್ನೂ ಕಸಕ್ಕೆ ಹಾಕಿದಳು. ಆ ದೇಶದಲ್ಲಿ ಬೇಡ ಅನ್ನುವುದನ್ನು ನಗುತ್ತಲೇ ಅನ್ನುತ್ತಾರೆ. ಇದು ಮುಂದೆಯೂ ನೋಡಿದೆ.

ಹೊರಗೆ ಶಶಿ ನಿಂತಿದ್ದಳು. ಮುಖ ಇಳಿದುಹೋಗಿತ್ತು, ತೋಳು ಗಟ್ಟಿಯಾಗಿತ್ತು. ಕಾಲಲ್ಲಿ ಗಂಡಸರ ಬೂಟು.

"ಏನ್ಲೇ ಇದು, ಯಾರ ಬೂಟು?"

"ನಂದೇ ಅಜ್ಜಿ. ನನ್ನಳತೆದು ಇನ್ನೂ ತರಿಸ್ತಾ ಅವ್ರೆ. ಅಲ್ಲೀಗಂಟ ಎರಡು ಜೊತೆ ಕಾಲ್ಚೀಲ ಆಕ್ಕೊತೀನಿ."

"ನೀ ಬಂದು ಎಷ್ಟು ಕಾಲ ಆಯ್ತು?"

"ಬಿಡಜ್ಜಿ," ಅಂದಳು.

ನೀಲಗಿರಿ ಮರದ ನೆರಳು

ಅಲ್ಲಿಂದ ಅವಳ ಊರಿಗೆ ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆ ಮುಟ್ಟುವುದು. ದಾರಿಯುದ್ದಕ್ಕೂ ಮನುಷ್ಯರಿಲ್ಲ. ನಮ್ಮಲ್ಲಿ ಬಂಗಾರಪೇಟೆ ಬಿಟ್ಟು ಎರಡು ಬೀಡಿ ಸೇದುವಷ್ಟರಲ್ಲಿ ಒಂದು ಊರು, ಒಂದು ಟೀ ಅಂಗಡಿ, ಒಂದು ಜಗಳ ಸಿಗುತ್ತದೆ. ಅಲ್ಲಿ ಕೆಂಪು ಮಣ್ಣು, ಆಕಾಶ, ದಾರಿ ಬದಿಗೆ ಸತ್ತುಬಿದ್ದ ಕಾಂಗರೂ. ಗಾಡಿ ಕೆಟ್ಟರೆ ಏನು ಮಾಡುವುದು ಅಂದೆ. ನೀರಿದೆ ಅಜ್ಜಿ ಅಂದಳು. ಯಾರಾದರೂ ಬಂದರೆ ಅಂದೆ. ಯಾರೂ ಬರಲ್ಲ ಅಂದಳು. ಅದಕ್ಕೇ ನನಗೆ ಇನ್ನೂ ಭಯವಾಯಿತು.

ಊರು ಸಿಕ್ಕಿತು. ರಸ್ತೆ ಬದಿಗೆ ನೀಲಗಿರಿ ಮರ. ತಗಡು ಛಾವಣಿಯ ಮನೆಗಳು. ದೂರದಲ್ಲಿ ರಾಟೆ ಹೊತ್ತ ಹಳೆಯ ಗೋಪುರ. ಅದರ ಹಿಂದೆ ಗಣಿಯ ಬೂದು ಮಣ್ಣು ಸುರಿದು ಸುರಿದು ಆದ ಗುಡ್ಡ. ನಮ್ಮ ಕೆ.ಜಿ.ಎಫ್.ನಲ್ಲಿ ಸಯನೈಡ್ ಗುಡ್ಡ ಅನ್ನುತ್ತೇವಲ್ಲ, ಅದೇ. ಅಲ್ಲಿನದೇ ಇನ್ನೊಂದು ಗಣಿ ಮೈಸೂರು ಮೈನ್ಸ್ ಕಡೆಯಿಂದ ಮನೆಗೆ ನಡೆದು ಬರುವಾಗ ಕಾಣುತ್ತಿದ್ದದ್ದೇ ಅಲ್ಲೂ ಕಂಡಿತು. ಇಷ್ಟು ದೂರ ಬಂದು ನಾನು ಅಲ್ಲೇ ಇಳಿದಿದ್ದೆ. ವ್ಯತ್ಯಾಸ ಒಂದೇ. ನಮ್ಮ ಗಣಿ ಸತ್ತಿದೆ, ಅದು ಬದುಕಿದೆ. ಬದುಕಿರುವ ಗಣಿ ಏನು ಕೇಳುತ್ತದೆ ಎಂದು ನನಗೆ ಗೊತ್ತು.

ಮಾರನೆಯ ಬೆಳಿಗ್ಗೆ ಶಶಿ ಪಾಳಿಗೆ ಹೊರಟಳು. ಕಾಫಿ ಕೊಟ್ಟೆ. ಕುಡಿದು ಹೊರಟ ಮೇಲೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸಂಜೆ ಬಂದವಳು ನೋಡಿದಳು.

"ಅಜ್ಜಿ, ಇದನ್ನ ಮಿಷನ್ನಿಗೆ ಆಕಿದ್ರೆ ಅದೇ ತೊಳೀತಿತ್ತು."

"ಇರಲಿ."

"ಇರುವೆ ಬತ್ತವೆ."

"ಬರಲಿ."

ಲೋಟ ಕೈಗೆತ್ತಿಕೊಂಡಳು. ಆಮೇಲೆ ಅವಳೇ ಅದನ್ನು ತೊಳೆದಿಟ್ಟಳು. ನಾನು ನೋಡಿದ್ದು ಬೇರೆ. ಅವಳ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸು ಬಂದಿತ್ತು. ಮರುದಿನವೂ ಹಾಗೇ. ಯಾಕೆ ಅಂದರೆ ಮರೆತೆ ಅಂದಳು.

ಪಕ್ಕದ ಮನೆಯಲ್ಲಿ ಡೋರಾ ಎಂಬ ಮುದುಕಿ ಇದ್ದಳು. ನನ್ನ ವಯಸ್ಸೇ. ಅವಳ ಗಂಡನೂ ಗಣಿಯವನು, ಅವನೂ ಕೆಮ್ಮಿ ಹೋದವನು. ಸಂಜೆ ತನ್ನ ಜಗುಲಿಗೆ ನನ್ನನ್ನು ಕರೆದು ಹಾಲಿಲ್ಲದ ಟೀ ಕೊಡುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಮಾತಾಡುವುದು, ನಾನು ಕನ್ನಡದಲ್ಲಿ. ಇಬ್ಬರಿಗೂ ತೊಂದರೆ ಇರಲಿಲ್ಲ. ಮೊದಲನೇ ಸಂಜೆ ನೆಲ ನಡುಗಿತು. ಪಾಳಿ ಮುಗಿದ ಮೇಲೆ ಸಿಡಿಮದ್ದು ಇಡುತ್ತಾರೆ, ಹೆದರಬೇಡ ಎಂದು ಶಶಿ ಹೇಳಿದ್ದಳು. ಆದರೂ ಎದ್ದು ನಿಂತುಬಿಟ್ಟೆ. ಡೋರಾ ಏಳಲಿಲ್ಲ. ಅಳುವ ಮಗುವಿನ ತಲೆ ಮೇಲೆ ಕೈ ಇಡುವ ಹಾಗೆ ಕಪ್ಪಿನ ಮೇಲೆ ಅಂಗೈ ಇಟ್ಟಳು, ನಡುಕ ನಿಂತ ಮೇಲೆ ತೆಗೆದು ಕುಡಿದಳು.

ಒಂದು ಭಾನುವಾರ ಶಶಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಮಾತಾಡಿದೆವು. ಹಿಂದೆ ಇಲ್ಲೂ ಹೆಂಗಸರನ್ನು ಗಣಿಗೆ ಬಿಡುತ್ತಿರಲಿಲ್ಲ, ಹೆಣ್ಣು ಇಳಿದರೆ ಚಿನ್ನ ಓಡಿಹೋಗುತ್ತದೆ ಅನ್ನುತ್ತಿದ್ದರು ಅಂದಳು ಡೋರಾ. ನಮ್ಮಲ್ಲೂ ಹಾಗೇ ಅನ್ನುತ್ತಿದ್ದರು ಅಂದೆ. ಹೆಣ್ಣು ಕಾಲಿಡದೆಯೇ ನಮ್ಮ ಗಣಿ ಮುಚ್ಚಿತು ಅಂದೆ. ಶಶಿ ಅದನ್ನು ಹೇಳಿದಾಗ ಡೋರಾ ತೊಡೆ ಬಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಶಶಿಯ ಕಡೆ ನೋಡಿ ಏನೋ ಕೇಳಿದಳು.

"ಏನಂತೆ?"

"ಮೊದಲು ನಾನಿರೋ ಮನೇಲಿ ಒಬ್ಳು ಉಡುಗಿ ಇದ್ಲಂತೆ. ಅವಳೂ ಕೆಳಗಿಳೀತಿದ್ಲಂತೆ. ಈಗ ಮೇಲೆ ಆಫೀಸ್ನಾಗೆ ಕೂತು ನಕ್ಷೆ ಬರೀತಾಳಂತೆ. ನೀನೂ ಯಾವಾಗ ನಕ್ಷೆ ಬರೆಯೋದು ಅಂತ ಕೇಳ್ತಾವಳೆ."

"ನೀ ಏನಂದೆ?"

"ಟೀ ಚೆನ್ನಾಗದೆ ಅಂದೆ."

ಗೇಟು

ಒಂದು ದಿನ ಬೆಳಗಿನ ಹೊತ್ತು. ಶಶಿ ಪಾಳಿಗೆ ಹೋಗಿದ್ದಳು. ನಾನು ಸ್ಟವ್ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದೆ. ಗೋಡೆಯ ಗೂಡಿನಲ್ಲಿದ್ದ ಪಿಂಗಾಣಿ ತಟ್ಟೆಗಳು ಗಲಗಲ ಅಂದವು. ಮೊದಲು ತಟ್ಟೆ, ಆಮೇಲೆ ಕಿಟಕಿ, ಆಮೇಲೆ ನನ್ನ ಅಂಗಾಲು.

ಇದು ಸಂಜೆಯಲ್ಲ. ಮದ್ದು ಇಡುವ ಹೊತ್ತಲ್ಲ.

ಸ್ಟವ್ ಆರಿಸಿದೆ. ಅಷ್ಟು ಮಾಡಿದ್ದು ನೆನಪಿದೆ. ಸೀರೆ ಮೇಲೆ ಸ್ವೆಟರು, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಮುದ್ದೆ ಹಿಟ್ಟು. ಊರು ಮುಗಿಯುವಲ್ಲಿ ಗಣಿಯ ಗೇಟು. ನಾನು ಹೊರಟಾಗ ನನಗೆ ಒಂದು ಧೈರ್ಯ ಇತ್ತು. ಗೇಟಿನಲ್ಲಿ ಎಲ್ಲರೂ ಇರುತ್ತಾರೆ, ಯಾರಾದರೂ ಹೇಳುತ್ತಾರೆ, ಯಾರ ಪಕ್ಕದಲ್ಲಾದರೂ ನಿಲ್ಲಬಹುದು ಎಂದು. ನಂದಿದುರ್ಗದಲ್ಲಿ ಓಡುವಾಗ ಮುಂದೆ ಒಬ್ಬಳ ಬೆನ್ನು, ಹಿಂದೆ ಒಬ್ಬಳ ಉಸಿರು ಇದ್ದೇ ಇರುತ್ತಿತ್ತು. ಇಲ್ಲಿ ಮುಂದೆ ಖಾಲಿ ರಸ್ತೆ. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಒಂದು ಮನೆಯಲ್ಲಿ ಹೆಂಗಸೊಬ್ಬಳು ಗಿಡಕ್ಕೆ ನೀರು ಹಾಕುತ್ತಾ ನನ್ನನ್ನು ನೋಡಿದಳು. ಆಗಲೇ ನನಗೆ ಹೆಚ್ಚು ಭಯವಾದದ್ದು. ಒಳಗೆ ಇರುವವಳು ನನ್ನವಳೊಬ್ಬಳೇ ಅನ್ನಿಸಿಬಿಟ್ಟಿತು.

ಗೇಟಿನಲ್ಲಿ ಒಬ್ಬೇ ಒಬ್ಬ ಹೆಂಗಸಿರಲಿಲ್ಲ. ಗಾಜಿನ ಗೂಡಿನಲ್ಲಿ ಕಾವಲುಗಾರನೊಬ್ಬ ಬ್ರೆಡ್ಡು ತಿನ್ನುತ್ತಿದ್ದ. ಕಪ್ಪು ಮೈಯವನು. ಕನ್ನಡದಲ್ಲಿ ಕೂಗಿದೆ, ತಿಳಿಯಲಿಲ್ಲ. ತೆಲುಗಿನಲ್ಲಿ ಕೂಗಿದೆ. ತಮಿಳಿಗೆ ಬಂದಾಗ ಬ್ರೆಡ್ಡು ಕೆಳಗಿಟ್ಟ.

"ಪಾಟಿ, ಎನ್ನ ಆಚ್ಚು?" ಏನಾಯಿತು ಅಜ್ಜಿ ಅಂದ. ಹೆಸರು ಸೆಲ್ವಂ, ಶ್ರೀಲಂಕಾದ ಯಾಳ್ಪಾಣದವನು.

ಕೆ.ಜಿ.ಎಫ್.ನಲ್ಲಿ ಕಲಿತ ತಮಿಳೆಲ್ಲ ಒಂದೇ ಸಲ ಬಾಯಿಗೆ ಬಂತು. ನನ್ನ ಮೊಮ್ಮಗಳು ಒಳಗಿದ್ದಾಳೆ, ಮೇಲೆ ಕರೆಸು ಅಂದೆ. ಇನ್ನು ಅವಳನ್ನು ಕೆಳಗೆ ಕಳಿಸಬೇಡಿ ಎಂದು ಹೇಳು, ನಾವು ಕಳಿಸುವುದಿಲ್ಲ, ಮೇಲೆ ಯಾವುದಾದರೂ ಕೆಲಸ ಕೊಡಿ ಅಂದೆ. ಅತ್ತೂ ಬಿಟ್ಟೆ. ರತ್ನ ಹೇಳಿದ್ದಳಲ್ಲ ಎಂದು ಅತ್ತದ್ದಲ್ಲ. ತಾನಾಗಿ ಬಂತು.

ಸೆಲ್ವಂ ಒಳ್ಳೆಯವನು. ಒಂದು ಮಾತೂ ಬಿಡದೆ ಎಲ್ಲವನ್ನೂ ಕೈಯಲ್ಲಿದ್ದ ರೇಡಿಯೋಗೆ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಕುರ್ಚಿ ಕೊಟ್ಟ, ನೀರು ಕೊಟ್ಟ.

"ಯಾರಿಗೂ ಏನೂ ಆಗಿಲ್ಲ ಪಾಟಿ. ಸಣ್ಣದು. ಆ ಜಾಗದಿಂದ ನಿನ್ನೆಯೇ ಜನರನ್ನು ತೆಗೆದಿದ್ದರು," ಎಂದು ತಮಿಳಿನಲ್ಲಿ ಹೇಳಿದ.

"ಮಿಕ್ಕ ಹೆಂಗಸರೆಲ್ಲಿ?" ಅಂದೆ.

"ಯಾವ ಹೆಂಗಸರು?"

ಅಲ್ಲಿ ಇಳಿಯುವ ಗಂಡಸರಲ್ಲಿ ಬಹಳ ಜನರ ಸಂಸಾರ ಬೇರೆ ಊರಿನಲ್ಲಿ ಇರುತ್ತದಂತೆ. ವಿಮಾನದಲ್ಲಿ ಬಂದು ಪಾಳಿ ಮುಗಿಸಿ, ವಿಮಾನದಲ್ಲಿ ಹೋಗುತ್ತಾರಂತೆ. ಏನಾದರೂ ಆದರೆ ಫೋನಿಗೆ ಸುದ್ದಿ ಬರುತ್ತದಂತೆ. ನನ್ನ ಫೋನು ಮನೆಯಲ್ಲಿ ಮುದ್ದೆ ಪಾತ್ರೆಯ ಪಕ್ಕ ಇತ್ತು. ಅದರಲ್ಲಿ ಏನೂ ಆಗಿಲ್ಲ ಎಂದು ಶಶಿ ಕಳಿಸಿದ ಸುದ್ದಿಯೂ ಇತ್ತು.

ಅವಳು ಮೇಲೆ ಬರಲಿಲ್ಲ. ಕರೆದರಂತೆ, ಪಾಳಿ ಮುಗಿಸಿಯೇ ಬರುತ್ತೇನೆ ಅಂದಳಂತೆ. ಸಂಜೆ ಬಂದು ಬೂಟು ಬಿಚ್ಚದೆ ಅಡಿಗೆ ಮನೆಯಲ್ಲಿ ನಿಂತಳು.

"ರೇಡಿಯೋದಾಗೆ ಎಲ್ರಿಗೂ ಕೇಳಿಸ್ತು ಅಜ್ಜಿ. ಗಣಿಯಾಗಿರೋ ಅಷ್ಟೂ ಜನಕ್ಕೂ."

"ಕೇಳಿಸ್ಲಿ ಬಿಡು."

"ಬಿಡು ಅಂತೀಯಾ. ನಾ ಯಾಕೆ ನೀರು ಕುಡಿಯಲ್ಲ ಗೊತ್ತಾ? ಕೆಳಗೆ ಎಂಗಸ್ರಿಗೆ ಒಂದೇ ಕಕ್ಕಸು, ಮೇಲಿನ ಮಟ್ಟದಾಗೆ. ಓಗ್ಬೇಕಂದ್ರೆ ಗಾಡಿ ಕೇಳ್ಬೇಕು. ಗಾಡಿ ಕೇಳಿದ್ರೆ ನೋಡು, ಇವಳಿಂದ ಕೆಲ್ಸ ನಿಂತೋಯ್ತು ಅಂತಾರೆ. ಒಂದ್ ದಿನಾನೂ ಕೇಳಿಲ್ಲ ನಾನು. ಬೂಟು ಕೇಳಿಲ್ಲ. ಕೈಗೆ ಏಟು ಬಿದ್ರೂ ತೋರಿಸಿಲ್ಲ. ನೀ ಒಂದೇ ಮಾತ್ನಾಗೆ ಎಲ್ಲಾ ಕೇಳ್ಬುಟ್ಟೆ."

ನನ್ನ ಭಯ ಸುಳ್ಳಲ್ಲ, ಅವಳ ಮಾತೂ ಸುಳ್ಳಲ್ಲ. ಲೋಟ ಕಟ್ಟೆಯ ಮೇಲೆಯೇ ಇತ್ತು. ಅವತ್ತು ಅದನ್ನು ನಾನೇ ತೊಳೆದೆ.

ಆಮೇಲಿನ ದಿನಗಳಲ್ಲಿ ಕೆಳಗೆ ಗಂಡಸರು ಅವಳನ್ನು ರೇಡಿಯೋದಲ್ಲಿ ಕೇಳುತ್ತಿದ್ದರಂತೆ. ಶಶಿ, ಈ ಬಂಡೆ ಹತ್ತಿರ ಹೋಗುವುದಕ್ಕೆ ಅಜ್ಜಿಯ ಒಪ್ಪಿಗೆ ಸಿಕ್ಕಿತಾ ಎಂದು. ಅವಳು ನಕ್ಕು ಕೆಲಸಕ್ಕೆ ತಿರುಗುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಶಶಿಯಲ್ಲ. ಅಂಗಡಿಯಲ್ಲಿ ಸಿಕ್ಕಿದ ಸೆಲ್ವಂ ಹೇಳಿದ, ಹೇಳಿ ತಾನೂ ನೊಂದುಕೊಂಡ.

ಸಾಹೇಬರ ಕೇಕು

ಅವಳ ಮೇಲಿನ ಸಾಹೇಬ ಒಂದು ಸಂಜೆ ಮನೆಗೇ ಬಂದ. ಕೆಂಪು ಕತ್ತು, ದೊಡ್ಡ ಕೈ, ಕೈಯಲ್ಲಿ ಕೇಕಿನ ಡಬ್ಬಿ. ಬಾಗಿಲಲ್ಲಿ ಬೂಟು ಬಿಟ್ಟು ಬಂದ. ಒಳ್ಳೆಯ ಮನುಷ್ಯ. ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು.

ಅವನು ಹೇಳುತ್ತಾ ಹೋದ, ಶಶಿ ಕನ್ನಡಕ್ಕೆ ತಿರುಗಿಸುತ್ತಾ ಹೋದಳು. ಅವಳ ಮುಖ ಗೋಡೆಯ ಹಾಗಿತ್ತು.

"ಅವತ್ತು ನೀನು ಎದರ್ಕೊಂಡಿದ್ದಕ್ಕೆ ಅವ್ರಿಗೆ ಬೇಜಾರಾಗದಂತೆ. ಮನೇವ್ರಿಗೆ ಚಿಂತೆ ಇದ್ರೆ ಅದನ್ನೂ ನೋಡ್ಬೇಕಂತೆ. ಆಫೀಸ್ನಾಗೆ ಒಂದು ಜಾಗ ಖಾಲಿ ಐತಂತೆ. ಇದೇ ಸಂಬಳ. ಎಸಿ ಐತಂತೆ. ಅಲ್ಲಿ ಇನ್ನೂ ನಾಕೈದು ಉಡುಗೀರು ಅವ್ರಂತೆ, ಜೊತೆ ಸಿಗ್ತದಂತೆ. ನಿಂಗೆ ಏನನ್ನಿಸ್ತದೆ ಅಂತ ಕೇಳ್ತಾವ್ರೆ."

ರತ್ನ ನನ್ನನ್ನು ಕಳಿಸಿದ್ದು ಈ ಮಾತು ಕೇಳಿಸಿಕೊಂಡು ಬರುವುದಕ್ಕೆ. ಅದನ್ನು ತಟ್ಟೆಯಲ್ಲಿಟ್ಟು, ಕೇಕಿನ ಜೊತೆ ತಂದು ಕೊಟ್ಟಿದ್ದ. ಹೂಂ ಅಂದರೆ ಮುಗಿಯಿತು. ಹೂಂ ಎಂಬುದು ನನ್ನ ಗಂಟಲಿಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಬಂದಿತ್ತು. ಆಗ ಶಶಿಯ ಕಾಲು ನೋಡಿದೆ. ಬೂಟು ಬಿಚ್ಚಿದ್ದಳು. ಎರಡು ಜೊತೆ ಕಾಲ್ಚೀಲದ ಒಳಗಿಂದ ಹಿಮ್ಮಡಿಯ ಹತ್ತಿರ ರಕ್ತ ಒಸರಿ ಒಣಗಿತ್ತು.

"ಆ ಆಫೀಸಿನ ಉಡುಗೀರು ಮೊದ್ಲು ಇಳೀತಿದ್ರಾ?" ಎಂದು ಶಶಿಯನ್ನೇ ಕೇಳಿದೆ.

"ಮೂವರು ಇಳೀತಿದ್ರು."

"ಅವ್ರನ್ನ ಮೇಲಕ್ಕೆ ತಂದಿದ್ದು ಯಾರು?"

"ಒಬ್ಳನ್ನ ಗಂಡ. ಒಬ್ಳನ್ನ ಅವರಮ್ಮ. ಒಬ್ಳನ್ನ ಮಗು ಆದ್ಮೇಲೆ ಈ ಸಾಹೇಬ್ರೇ." ಕೇಕಿನ ಡಬ್ಬಿ ನೋಡುತ್ತಾ, "ಎಲ್ರೂ ಒಳ್ಳೇದಕ್ಕೇ ತಂದಿದ್ದು ಅಜ್ಜಿ," ಅಂದಳು.

ಸಾಹೇಬ ನಮ್ಮಿಬ್ಬರ ಮುಖ ನೋಡುತ್ತಾ ನಗುತ್ತಿದ್ದ. ಪರ್ತ್‌ನಲ್ಲಿ ತುಪ್ಪ ತೆಗೆದುಕೊಂಡವಳು ನಕ್ಕ ಹಾಗೆ.

"ಅವನಿಗೆ ಇಂಗೇ ಏಳು," ಅಂದೆ. "ನಾನು ಎದರುಕೊಂಡಿದ್ದು ನಿಜ. ಈಗ್ಲೂ ಎದರಿಕೆ ಐತೆ. ನಮ್ಮೂರ್ನಾಗೆ ಶಾಫ್ಟಿನ ಮುಂದೆ ನಿಂತ್ಕೊಂಡು ಎಷ್ಟು ಎಂಗಸ್ರು ಅತ್ತವ್ರೆ ಅಂತ ಲೆಕ್ಕ ಇಲ್ಲ. ನಾವು ಅತ್ವಿ ಅಂತ ಒಬ್ಬ ಗಂಡಸನ್ನೂ ಯಾರೂ ಆಫೀಸ್ನಾಗೆ ಕೂರಿಸ್ಲಿಲ್ಲ. ಬೆಳಗೆದ್ದು ಇಳಿಸಿದ್ರು. ಇವನ ಕೆಳಗೆ ಇರೋ ಗಂಡಸ್ರಿಗೆಲ್ಲ ಅಜ್ಜೀರು ಅವ್ರೆ ತಾನೇ? ಅವ್ರ ಮನೆಗೂ ಕೇಕ್ ತಕ್ಕೊಂಡು ಓಗಿ ಕೇಳ್ಕೊಂಡು ಬಂದ್ನಾ ಇವ್ನು?"

ಶಶಿ ತಿರುಗಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಏಳೇ," ಅಂದೆ.

ಹೇಳಿದಳು. ಎಲ್ಲ ಹೇಳಿದಳೋ ಅರ್ಧ ನುಂಗಿದಳೋ ನನಗೆ ತಿಳಿಯದು. ಸಾಹೇಬನ ಕತ್ತಿನ ಕೆಂಪು ಕಿವಿಗೆ ಹತ್ತಿತು. ತನ್ನ ಕೈ ನೋಡಿಕೊಂಡ. ಆಮೇಲೆ ಕೇಕನ್ನು ಅವನೇ ಕೊಯ್ದು ನನಗೆ ದೊಡ್ಡ ಚೂರು ಕೊಟ್ಟ. ಬಹಳ ಸಿಹಿ. ಯೋಚನೆ ಮಾಡುತ್ತೇನೆ ಎಂದು ಹೇಳಿ ಹೋದ.

"ಇನ್ನೊಂದು ಮಾತು ಮರೆತೆ," ಅಂದೆ ಬಾಗಿಲು ಹಾಕಿಕೊಂಡ ಮೇಲೆ. "ಬೂಟು ಕೇಳ್ಬೇಕಾಗಿತ್ತು."

"ಅದನ್ನೂ ಸೇರಿಸಿದೆ," ಅಂದಳು ಶಶಿ. ಗೇಟಿನ ದಿನದಿಂದ ಅವಳು ನನ್ನ ಮುಂದೆ ನಕ್ಕದ್ದು ಆಗಲೇ.

ಮಾತು ಆಡಿದ್ದೇನೋ ಆಡಿದೆ. ಹಾಸಿಗೆಗೆ ಹೋದ ಮೇಲೆ ಎದ್ದು ಕೂತೆ. ಆಫೀಸಿನ ಕುರ್ಚಿ ಬಾಗಿಲಿಗೆ ಬಂದಿತ್ತು, ನಾನು ಒದ್ದುಬಿಟ್ಟೆ. ನಾಳೆ ಕೇಜಿನಿಂದ ಇವಳು ಇಳಿಯದಿದ್ದರೆ ರತ್ನನಿಗೆ ಏನು ಹೇಳುವುದು. ಅಲ್ಲಿ ಕೇಜು ಇಲ್ಲ, ಗಾಡಿಯಲ್ಲೇ ಸುರಂಗಕ್ಕೆ ಇಳಿಯುತ್ತಾರೆ. ಆದರೆ ನನ್ನ ಕಣ್ಣಿಗೆ ಬರುವುದು ಕೇಜೇ.

ವಾಪಸು

ವಿಮಾನಕ್ಕೆ ಬಿಡಲು ಶಶಿ ಮತ್ತೆ ಅದೇ ಖಾಲಿ ರಸ್ತೆಯಲ್ಲಿ ಕಾರು ಓಡಿಸಿದಳು.

"ನಿಂಗೆ ಭಯ ಆಗಲ್ವಾ?" ಎಂದು ಕೊನೆಗೂ ಕೇಳಿದೆ. ಅಷ್ಟು ದಿನ ಇದ್ದು ಅದೊಂದನ್ನು ಕೇಳಿರಲಿಲ್ಲ.

"ಆಗ್ತದೆ. ದಿನಾ."

"ಮತ್ತೆ?"

"ಭಯ ಪಡೋದೇ ನನ್ನ ಕೆಲ್ಸ ಅಜ್ಜಿ. ಮಿಕ್ಕೋರು ಮರೆತು ಕೆಲ್ಸ ಮಾಡ್ಬೌದು. ನಾನು ಮರೆಯಂಗಿಲ್ಲ. ಅವತ್ತು ಬಂಡೆ ಸಿಡೀತಲ್ಲ, ಅದರ ಮುಂಚಿನ ದಿನ ಅಲ್ಲಿಂದ ಜನಾನ ತೆಗೀರಿ ಅಂದಿದ್ದು ನಾನು. ತೆಗೆದಿದ್ದಕ್ಕೆ ಬೈದ್ರು. ಸುಮ್ಮನೆ ಎದರ್ಸ್ತೀಯ, ಎಂಗಸು ಬುದ್ಧಿ ಅಂದ್ರು."

"ಸಿಡಿದ ಮೇಲೆ ಏನಂದ್ರು?"

"ಅಷ್ಟರಾಗೆ ನೀ ಗೇಟಿಗೆ ಬಂದಿದ್ದೆ," ಅಂದಳು. ಬೈಗುಳವಾಗಿ ಹೇಳಲಿಲ್ಲ. ರಸ್ತೆ ನೋಡುತ್ತಾ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಜಂಕ್ಷನ್ನಿನಲ್ಲಿ ರೈಲು ಇಳಿದರೆ ರತ್ನ ನಿಂತಿದ್ದಳು. ಚೀಲ ತೆಗೆದುಕೊಳ್ಳುವ ಮೊದಲೇ ಕೇಳಿದಳು.

"ಏನಂದ್ಲು?"

ನಡೆದದ್ದನ್ನೆಲ್ಲ ಹೇಳಿದೆ. ಸ್ಟೇಷನ್ನಿನ ಗೇಟಿನ ಮುಂದೆ ಹಮಾಲಿಗಳು, ಆಟೋದವರು, ತರಕಾರಿ ಗಾಡಿ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಅಷ್ಟು ಗದ್ದಲ ನನಗೆ ಬೇಕಾಗಿತ್ತು.

"ಕರ್ಕೊಂಡು ಬಾ ಅಂತ ಕಳಿಸಿದ್ರೆ ಅಲ್ಲೇ ಇಳಿಸಿ ಬಂದ್ಯಾ ಅವ್ವಾ?"

"ನಾನೇನು ಇಳಿಸ್ಲಿಲ್ಲ. ಅವಳು ಇಳಿದಿದ್ಲು."

"ನಾಳೆ ಏನಾದ್ರೂ ಆದ್ರೆ?"

"ಆದ್ರೆ ನೀ ನನ್ನ ಬೈತೀಯ. ಬೈಯಿ."

ಆಮೇಲೆ ಎಷ್ಟೋ ದಿನ ರತ್ನ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯುವುದನ್ನೂ ಹಸುವಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಒಂದು ದಿನ ಶಶಿ ಫೋನ್ ಮಾಡಿದಳು. ಅವಳನ್ನು ಕೆಳಗೇ ಖಾಯಂ ಮಾಡಿದರಂತೆ. ನನ್ನ ಮಾತಿಗಲ್ಲ. ಅವಳ ಕೆಲಸ ಬಲ್ಲ ಇನ್ನೊಬ್ಬ ಗಂಡಸು ಹೆಚ್ಚು ಸಂಬಳಕ್ಕೆ ಬೇರೆ ಗಣಿಗೆ ಹೋದನಂತೆ, ಇವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲವಂತೆ. ಬೂಟು ಮಾತ್ರ ಬಂದಿದೆ. ಅವಳ ಅಳತೆಯದೇ. ಕಕ್ಕಸು ಇನ್ನೂ ಒಂದೇ.

ಅವಳ ಕೆಲಸ ಖಾಯಂ ಆಯಿತು, ನನ್ನ ಭಯವೂ ಖಾಯಂ ಆಯಿತು. ರತ್ನನದೂ. ಈಗ ನಾವಿಬ್ಬರೂ ಮಾತಾಡುತ್ತೇವೆ.

ಅಲ್ಲಿ ಪಾಳಿ ಮುಗಿದು ಅವಳು ಮನೆ ಸೇರುವ ಹೊತ್ತಿಗೆ ಇಲ್ಲಿ ನಾನು ಸಂಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತೇನೆ. ಕರುವನ್ನು ಕಟ್ಟಿ, ಚೊಂಬು ಹಿಡಿದು, ಹಸುವಿನ ಪಕ್ಕ ಕೂತು ಕಾಯುತ್ತೇನೆ. ಫೋನು ಕಲಗಚ್ಚಿನ ಬಾನಿಯ ಅಂಚಿನ ಮೇಲೆ. ಹಸುವಿಗೂ ಅಭ್ಯಾಸವಾಗಿದೆ, ಕಾಲು ಕದಲಿಸದೆ ನಿಲ್ಲುತ್ತದೆ. ಡೈರಿ ಮುಚ್ಚುತ್ತದೆ ಎಂದು ರತ್ನ ಒಳಗಿನಿಂದ ಕೂಗುತ್ತಾಳೆ, ಆದರೆ ಅವಳೂ ಬಂದು ಬಾಗಿಲಿಗೆ ಒರಗುತ್ತಾಳೆ.

ಫೋನಿನ ಪರದೆ ಬೆಳಗುತ್ತದೆ, ವೀಡಿಯೋ ಕಾಲ್. ಶಶಿಯ ಮುಖ ಕಾಣುವುದಿಲ್ಲ, ಅಡಿಗೆ ಮನೆಯ ಕಟ್ಟೆ ಕಾಣುತ್ತದೆ. ಅದರ ಮೇಲೆ ಬೆಳಿಗ್ಗೆ ಅವಳು ಕುಡಿದಿಟ್ಟ ಲೋಟ. ಕೈ ಬಂದು ಲೋಟ ಎತ್ತಿಕೊಳ್ಳುತ್ತದೆ, ನಲ್ಲಿ ತಿರುಗಿಸುತ್ತದೆ. ನೀರು ಬೀಳುವ ಸದ್ದು ಕೇಳಿದ ಮೇಲೆ ನಾನು ಕೆಚ್ಚಲಿಗೆ ಕೈ ಹಾಕುತ್ತೇನೆ.